ಸ್ಕ್ವಾಡ್‌ನ ನಾಲ್ಕನೆಯವನು ಯಾರು?

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಹನ್ನೊಂದು ಗಂಟೆಗೇ ರಸ್ತೆ ಖಾಲಿಯಾಗತೊಡಗುತ್ತದೆ. ಬಿಸಿಲು ನಲವತ್ತು ಡಿಗ್ರಿ ದಾಟಿದ ಮೇಲೆ ಮಕ್ಕಳನ್ನು ಹೊರಗೆ ಆಡಲು ಕಳಿಸುವ ಧೈರ್ಯ ಯಾರಿಗಿದೆ? ಆಟವೆಲ್ಲ ಕೂಲರ್ ಮುಂದೆ, ಫೋನಿನೊಳಗೆ: ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್, ರೋಬ್ಲಾಕ್ಸ್, ಮೈನ್‌ಕ್ರಾಫ್ಟ್. ಹೆಡ್‌ಫೋನ್ ಏರಿಸಿಕೊಂಡ ಹುಡುಗ ಅರ್ಧ ಕನ್ನಡ, ಅರ್ಧ ದಖನಿಯಲ್ಲಿ 'ಏ ಭಾಯ್, ಕವರ್ ಕೊಡೋ, ರಿವೈವ್ ಮಾಡೋ' ಎಂದು ಕೂಗುತ್ತಿರುತ್ತಾನೆ. ಮನೆಯವರಿಗೆ ಕೇಳಿಸುವುದು ಇಷ್ಟೇ. ಆ ಕಡೆಯಿಂದ ಯಾರು ಏನು ಹೇಳುತ್ತಿದ್ದಾರೆ ಎಂಬುದು ಅವನ ಕಿವಿಯಲ್ಲೇ ಉಳಿಯುತ್ತದೆ.

ಹೀಗಿರುವಾಗ ಒಂದು ರಾತ್ರಿ ಊಟಕ್ಕೆ ಕೂತಾಗ ಅವನು ಯಾವುದೋ ಜಾತಿಯವರ ಬಗ್ಗೆಯೋ ಧರ್ಮದವರ ಬಗ್ಗೆಯೋ ಮನೆಯಲ್ಲಿ ಯಾರೂ ಆಡದ ಮಾತೊಂದನ್ನು ಸಲೀಸಾಗಿ ಆಡುತ್ತಾನೆ. 'ಇದನ್ನೆಲ್ಲಿ ಕಲಿತಿ?' ಎಂದರೆ 'ಎಲ್ಲರೂ ಅಂತಾರ' ಎನ್ನುತ್ತಾನೆ. ಆಗ ಬಹಳಷ್ಟು ಮನೆಗಳಲ್ಲಿ ನಡೆಯುವುದು ಎರಡರಲ್ಲಿ ಒಂದು. ಫೋನ್ ಕಸಿದುಕೊಳ್ಳುತ್ತಾರೆ, ಇಲ್ಲವೇ ಹುಡುಗಾಟ ಎಂದು ನಕ್ಕು ಬಿಡುತ್ತಾರೆ. ಇವೆರಡೂ ಕೆಲಸಕ್ಕೆ ಬರುವುದಿಲ್ಲ. ಕೆಲಸಕ್ಕೆ ಬರುವ ಮೂರನೆಯ ದಾರಿ ಆಟದ ಒಳಗೇ ಇದೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಆಟದಲ್ಲಿ ಬಂದೂಕು ಹಿಡಿದವನು ಹೊರಗೂ ಹಿಡಿಯುತ್ತಾನೆ ಎಂಬ ಹೆದರಿಕೆ ಬೇಡ. ಗೇಮ್ ಆಡುವವರಲ್ಲಿ ಬಹುಪಾಲು ಹುಡುಗರು ಆಡಿ, ಬೈದಾಡಿ, ಮಲಗುತ್ತಾರೆ. ತೊಂದರೆ ಇರುವುದು ಆಟದಲ್ಲಲ್ಲ, ಆಟದ ಪಕ್ಕದಲ್ಲಿ ನಡೆಯುವ ಮಾತಿನಲ್ಲಿ.

ಹುದ್ದೆ ಕೊಡುವವರು

ಸಿಂಗಾಪುರದ ಆಂತರಿಕ ಭದ್ರತಾ ಇಲಾಖೆ 2023ರ ಫೆಬ್ರುವರಿಯಲ್ಲಿ ಹದಿನಾರರ ಹುಡುಗನೊಬ್ಬನ ಪ್ರಕರಣವನ್ನು ಬಹಿರಂಗಪಡಿಸಿತು. ಅವನು ರೋಬ್ಲಾಕ್ಸ್‌ನಲ್ಲಿ ಐಸಿಸ್ ಹೆಸರಿನ ಸರ್ವರ್‌ಗಳಿಗೆ ಸೇರಿದ್ದ. ಸಿರಿಯಾದ, ಫಿಲಿಪ್ಪೀನ್ಸಿನ ಮರಾವಿ ನಗರದ ಯುದ್ಧಭೂಮಿಗಳನ್ನು ಅಲ್ಲಿ ಆಟದ ಅಂಗಳಗಳಾಗಿ ಕಟ್ಟಲಾಗಿತ್ತು. ಆಟದೊಳಗಿನ ನಾಯಕನಿಗೆ ಅವನು ನಿಷ್ಠೆಯ ಪ್ರಮಾಣ ಮಾಡಿದ. ಆ ಗುಂಪಿನ ವಕ್ತಾರನೂ ಪ್ರಚಾರಕನೂ ಆದ. ನೋಡ್ರಿ, ಇಲ್ಲಿ ಕಣ್ಣಿಡಬೇಕಾದ್ದು ಬಂದೂಕಿನ ಮೇಲಲ್ಲ, ಹುದ್ದೆಯ ಮೇಲೆ. ಯಾರೂ ತನ್ನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಅನ್ನಿಸುವ ವಯಸ್ಸಿನಲ್ಲಿ ಒಂದು ಪದವಿ, ಒಂದು ಕೆಲಸ, ತಾನು ಆನ್‌ಲೈನ್ ಬರುವುದನ್ನೇ ಕಾಯುವ ನಾಲ್ಕು ಜನ ಸಿಕ್ಕರೆ ಹುಡುಗ ಅಲ್ಲೇ ನಿಲ್ಲುತ್ತಾನೆ. ಸಿದ್ಧಾಂತ ಆಮೇಲೆ ಬರುತ್ತದೆ.

ಇದು ಯಾವುದೋ ಒಂದು ಧರ್ಮದ ರೋಗ ಎಂದುಕೊಳ್ಳುವವರು 2022ರ ಮೇ 14ರಂದು ಅಮೆರಿಕದ ಬಫಲೋ ನಗರದಲ್ಲಿ ನಡೆದದ್ದನ್ನು ನೆನೆಯಬೇಕು. ಬಿಳಿಯರೇ ಶ್ರೇಷ್ಠ ಎಂದು ನಂಬಿದ್ದ ಹದಿನೆಂಟರ ಯುವಕ ಸೂಪರ್ ಮಾರ್ಕೆಟ್‌ಗೆ ನುಗ್ಗಿ ಹತ್ತು ಮಂದಿ ಕಪ್ಪು ಜನರನ್ನು ಕೊಂದ. ಗೇಮರ್‌ಗಳು ಮಾತಿಗೆ ಬಳಸುವ ಡಿಸ್ಕಾರ್ಡ್‌ನಲ್ಲಿ ಅವನು ತಿಂಗಳುಗಟ್ಟಲೆ ಡೈರಿ ಬರೆದಿದ್ದ. ಗೇಮರ್‌ಗಳು ಆಟ ನೋಡುವ ಟ್ವಿಚ್‌ನಲ್ಲಿ ದಾಳಿಯನ್ನು ನೇರ ಪ್ರಸಾರ ಮಾಡಿದ. ಸುಮಾರು ಅರ್ಧ ಗಂಟೆ ಮೊದಲು ಆ ಡೈರಿಯನ್ನು ಕೆಲವರಿಗೆ ತೆರೆದು ತೋರಿಸಿದ್ದ. ಇಂಥದ್ದು ಮೊದಲು ಕಣ್ಣಿಗೆ ಬೀಳುವುದು ಪೊಲೀಸರಿಗಲ್ಲ, ತಂದೆ-ತಾಯಿಗೂ ಅಲ್ಲ. ಜೊತೆಗೆ ಆಡುವವರಿಗೆ.

ಅಷ್ಟು ದೂರದ ಕಥೆ ನಮಗ್ಯಾಕೆ ಎನ್ನುವುದಾದರೆ ಪಕ್ಕದ ಬೀದರ್ ಜಿಲ್ಲೆಗೆ ಬನ್ನಿ. 2018ರ ಜುಲೈ 13ರಂದು ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಮಕ್ಕಳಿಗೆ ಚಾಕೊಲೇಟ್ ಹಂಚಿದ್ದನ್ನು ವಾಟ್ಸ್‌ಆ್ಯಪ್ ಗುಂಪುಗಳು ಅಪಹರಣವನ್ನಾಗಿ ಮಾಡಿದ್ದವು. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಸಂದೇಶಗಳ ಫಾರ್ವರ್ಡನ್ನು ಐದು ಚಾಟ್‌ಗಳಿಗೆ ಮಿತಿಗೊಳಿಸಿತು. ಅಲ್ಲಿ ಗೇಮ್ ಇರಲಿಲ್ಲ, ನಿಜ. ಆದರೆ ನಮ್ಮ ಸೀಮೆಯ ಜನ ಸಿಟ್ಟಿನ ಮಾತಿಗೆ ಕಿವಿಗೊಡುವುದಿಲ್ಲ ಎಂಬ ಸಮಾಧಾನ ಮುರ್ಕಿಯ ನಂತರ ಉಳಿಯಬಾರದು.

ಒಂದೇ ಕಡೆ ಆಡುವುದರ ಗುಣ

ಪರಿಹಾರವನ್ನು ಆಟದಿಂದಲೇ ತೆಗೆಯಬಹುದು ಎನ್ನಲು ಒಂದು ಗಟ್ಟಿ ಆಧಾರವಿದೆ, ಅದೂ ಕ್ರಿಕೆಟ್ಟಿನದು. ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಬೇರೆ ಬೇರೆ ಜಾತಿಯ 1,261 ಯುವಕರನ್ನು ಸೇರಿಸಿ ಪ್ರಯೋಗ ಮಾಡಿದರು. ಚೀಟಿ ಎತ್ತಿದಂತೆ ಕೆಲವರನ್ನು ತಿಂಗಳ ಕ್ರಿಕೆಟ್ ಲೀಗ್‌ಗೆ ಹಾಕಿ, ಉಳಿದವರನ್ನು ಹೊರಗಿಟ್ಟರು. ತಂಡಗಳಲ್ಲಿ ಕೆಲವು ಒಂದೇ ಜಾತಿಯವು, ಕೆಲವು ಬೆರೆತವು. 2021ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಬೇರೆ ಜಾತಿಯವರು ತಮ್ಮದೇ ತಂಡದಲ್ಲಿದ್ದಾಗ ಜಾತಿ ಮೀರಿದ ಸ್ನೇಹ ಹೆಚ್ಚಿತು, ಸ್ವಜಾತಿ ಪಕ್ಷಪಾತ ತಗ್ಗಿತು. ಅದೇ ಜನ ಎದುರಾಳಿಗಳಾಗಿ ಸಿಕ್ಕಾಗ ಜಾತಿ ಮೀರಿದ ಒಡನಾಟ ಒಟ್ಟಾರೆ ಕಡಿಮೆಯೇ ಆಯಿತು.

ಹಾಗಾದರೆ 'ಎಲ್ಲರೂ ಸೇರಿ ಆಡಲಿ' ಎಂದರೆ ಸಾಲದು. ಯಾರು ಯಾರ ಕಡೆ ಆಡುತ್ತಾರೆ ಎಂಬುದು ಮುಖ್ಯ. ನಮ್ಮ ಶಾಲೆ-ಕಾಲೇಜುಗಳ ಸ್ಪರ್ಧೆಗಳಲ್ಲಿ ಓಣಿಗೊಂದು ತಂಡ ಮಾಡುವ ರೂಢಿ ಇದೆ. ಓಣಿಗಳು ಜಾತಿವಾರು, ಧರ್ಮವಾರು ಇರುವ ಊರಿನಲ್ಲಿ ಅದು ಸ್ಪರ್ಧೆಯ ಹೆಸರಿನಲ್ಲಿ ಎದುರುಬದುರು ನಿಲ್ಲಿಸಿದಂತೆ.

ಇನ್ನೊಂದು ಅಧ್ಯಯನ ಈ ಭರವಸೆಗೆ ಲಗಾಮು ಹಾಕುತ್ತದೆ. ಸಲ್ಮಾ ಮೌಸಾ ಅವರು ಉತ್ತರ ಇರಾಕಿನಲ್ಲಿ, ಐಸಿಸ್ ದಾಳಿಗೆ ಊರು ಬಿಟ್ಟಿದ್ದ ಕ್ರೈಸ್ತರ ಫುಟ್‌ಬಾಲ್ ತಂಡಗಳಿಗೆ ಮುಸ್ಲಿಂ ಆಟಗಾರರನ್ನು ಸೇರಿಸಿ ನೋಡಿದರು. ಅದು 2020ರಲ್ಲಿ ಪ್ರಕಟವಾಯಿತು. ತಂಡದೊಳಗೆ ಸ್ನೇಹ ಬೆಳೆಯಿತು. ಮುಂದಿನ ಸೀಸನ್ನಿಗೂ ಬೆರೆತ ತಂಡವೇ ಇರಲಿ ಎಂದವರು ಹೆಚ್ಚಾದರು. ಆದರೆ ಮೈದಾನದ ಆಚೆಗೆ, ಪರಿಚಯವಿಲ್ಲದ ಮುಸ್ಲಿಮರ ಬಗೆಗಿನ ನಡವಳಿಕೆ ಅಷ್ಟಾಗಿ ಬದಲಾಗಲಿಲ್ಲ. ಆಟ ಬಾಗಿಲು ತೆರೆಯುತ್ತದೆ. ಹೊರಗೂ ಭೇಟಿ, ಚಹಾ, ಜಗಳ, ರಾಜಿ ಎಲ್ಲ ನಡೆಯಬೇಕು.

ಜೊತೆಗಾರರಿಂದ ಬಿಡಿಸುವ ಕ್ರಮ

ಬಿಜಿಎಂಐನಲ್ಲಿ ಸ್ಕ್ವಾಡ್ ಎಂದರೆ ನಾಲ್ಕು ಜನ. ಗೆಳೆಯರು ಮೂವರೇ ಇದ್ದರೆ ಆಟವೇ ನಾಲ್ಕನೆಯವನನ್ನು ಎಲ್ಲಿಂದಲೋ ತಂದು ಕೂಡಿಸುತ್ತದೆ. ಹುಡುಗರು ಅವನನ್ನು 'ರ‍್ಯಾಂಡಮ್' ಎನ್ನುತ್ತಾರೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಅವನೂ ಇನ್ಯಾವುದೋ ಊರಿನ ಇಂಥದ್ದೇ ಹುಡುಗ. ಕೆಟ್ಟವನಾಗಿದ್ದರೆ ಮಾತ್ರ ಅವನ ನಡೆ ಬೇರೆ. ಮೊದಲು ಚೆನ್ನಾಗಿ ಆಡುತ್ತಾನೆ, ಬಿದ್ದವನನ್ನು ರಿವೈವ್ ಮಾಡುತ್ತಾನೆ. ಆಮೇಲೆ ಒಂದು ಹೊಲಸು ಜೋಕ್ ಬಿಟ್ಟು ಯಾರು ನಗುತ್ತಾರೆ ನೋಡುತ್ತಾನೆ. ನಕ್ಕವನಿಗೆ ಫ್ರೆಂಡ್ ರಿಕ್ವೆಸ್ಟ್ ಬರುತ್ತದೆ. ಸ್ವಲ್ಪ ಯುಸಿಯೋ (ಆಟದೊಳಗಿನ ಹಣ) ಸ್ಕಿನ್ನೋ (ಪಾತ್ರದ, ಬಂದೂಕಿನ ಅಲಂಕಾರ) ಉಡುಗೊರೆಯಾಗಿ ಬರುತ್ತದೆ. 'ಇಲ್ಲಿ ಬೇಡ, ಡಿಸ್ಕಾರ್ಡಿಗೆ ಬಾ', 'ಟೆಲಿಗ್ರಾಂಗೆ ಬಾ' ಎಂಬ ಕರೆ ಬರುತ್ತದೆ. ಅಲ್ಲಿ ವಿಡಿಯೊ, ಮೀಮ್, 'ನಮ್ಮವರಿಗೆ ಅನ್ಯಾಯ' ಎಂಬ ಮಾತು. ಕೊನೆಗೆ 'ನಿನ್ನ ಆ ಗೆಳೆಯರನ್ನು ನಂಬಬೇಡ, ಮನೆಯಲ್ಲಿ ಹೇಳಬೇಡ'.

ಈ ಕ್ರಮದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಹುಡುಗನನ್ನು ಹಳೆಯ ಸ್ಕ್ವಾಡ್‌ನಿಂದ ಬಿಡಿಸುವುದು. ಅದಾಗದೆ ಉಳಿದದ್ದು ನಡೆಯುವುದಿಲ್ಲ. ಊರಿನ ಮೂವರು ಗೆಳೆಯರು ಪಕ್ಕದಲ್ಲೇ ಇದ್ದರೆ ಅವರಲ್ಲಿ ಒಬ್ಬನಾದರೂ 'ಏನ್ ಹುಚ್ಚುಚ್ಚಾಗಿ ಮಾತಾಡ್ಲಿಕತ್ತಾನೋ ಇವ' ಎಂದು ನಕ್ಕು ಆಟ ಕೆಡಿಸಿಬಿಡುತ್ತಾನೆ. ಆದ್ದರಿಂದ ಇಲ್ಲಿ ಹೇಳುವ ಎಲ್ಲ ಉಪಾಯಗಳ ಗುರಿ ಒಂದೇ: ಸ್ಕ್ವಾಡ್ ಒಡೆಯಬಾರದು.

ಮನೆಯಲ್ಲಿ ಮಾಡಬೇಕಾದ್ದು

1. ಎಷ್ಟು ಹೊತ್ತು ಆಡಿದೆ ಎಂಬುದಕ್ಕಿಂತ ಮೊದಲು ಯಾರ ಜೊತೆ ಆಡಿದೆ ಎಂದು ಕೇಳಿ. ನಾಲ್ಕೂ ಹೆಸರು ಕೇಳಿ. ಹೆಸರಿಲ್ಲದೆ ಐಡಿ ಮಾತ್ರ ಗೊತ್ತಿದ್ದರೆ ಅದೂ ಉತ್ತರವೇ. ಪೊಲೀಸ್ ವಿಚಾರಣೆಯ ದನಿ ಬೇಡ. ಕ್ರಿಕೆಟ್ ಆಡಿ ಬಂದವನನ್ನು ಯಾರ ಟೀಮು ಎಂದು ಕೇಳುವುದಿಲ್ಲವೇ, ಅಷ್ಟೇ.

2. ವಾರಕ್ಕೊಂದು ಸಲ ಪಕ್ಕ ಕೂತು ಒಂದು ಪೂರ್ತಿ ಮ್ಯಾಚ್ ನೋಡಿ, ಹೆಡ್‌ಫೋನ್ ತೆಗೆಸಿ ಸ್ಪೀಕರಿನಲ್ಲಿ. ಅರ್ಧ ಗಂಟೆಯಲ್ಲಿ ನಿಮಗೆ ಆ ಗುಂಪಿನ ಭಾಷೆ ತಿಳಿಯುತ್ತದೆ. ಹಿರಿಯರು ಕೂತ ದಿನ ಬೈಗುಳ ಕಡಿಮೆ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

3. ಸ್ಕ್ವಾಡ್ ಆಡುವಾಗ ಆಟೋ ಮ್ಯಾಚಿಂಗ್ ತೆಗೆದಿಡಲು ಹೇಳಿ. ಮೂವರೇ ಇದ್ದರೆ ಮೂವರೇ ಆಡಲಿ. ಸೋಲು ಹೆಚ್ಚಾಗುತ್ತದೆ ಎಂದು ಗೊಣಗುತ್ತಾರೆ, ಗೊಣಗಲಿ. ಧ್ವನಿಯನ್ನು ತಂಡಕ್ಕೆ ಮಾತ್ರ ಇಡುವ, ಒಬ್ಬನನ್ನಷ್ಟೇ ಮ್ಯೂಟ್ ಮಾಡುವ ಆಯ್ಕೆಗಳನ್ನೂ ಅವನಿಂದಲೇ ಕೇಳಿ ತಿಳಿದುಕೊಳ್ಳಿ. ಕಲಿಸಿಕೊಡುವ ಖುಷಿಯಲ್ಲಿ ಅವನು ಇನ್ನೂ ಹತ್ತು ವಿಷಯ ಹೇಳುತ್ತಾನೆ.

4. ಖಾತೆಯ ವಯಸ್ಸು ಪರಿಶೀಲಿಸಿ. ಬಿಜಿಎಂಐನಲ್ಲಿ ಹದಿನೆಂಟರೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿಯಿದೆ. ಅಪ್ಪನ ನಂಬರು, ಅಪ್ಪನ ಹುಟ್ಟಿದ ವರ್ಷ ಕೊಟ್ಟು ತೆರೆದ ಖಾತೆಗೆ ಆ ರಕ್ಷಣೆ ಸಿಗದು. ಡಿಸ್ಕಾರ್ಡ್ ಹದಿಮೂರು ತುಂಬದವರಿಗಲ್ಲ. ಅದರ ಫ್ಯಾಮಿಲಿ ಸೆಂಟರ್‌ನಲ್ಲಿ ಮಗು ಯಾವ ಸರ್ವರ್‌ನಲ್ಲಿದೆ, ಯಾರನ್ನು ಸ್ನೇಹಿತರಾಗಿ ಸೇರಿಸಿಕೊಂಡಿದೆ ಎಂದು ಪೋಷಕರಿಗೆ ಕಾಣುತ್ತದೆ. ಸಂದೇಶದೊಳಗಿನ ಮಾತು ಕಾಣುವುದಿಲ್ಲ. ಅಷ್ಟು ಮುಚ್ಚುಮರೆ ಬೆಳೆಯುವ ಮಗುವಿಗೆ ಇರಬೇಕಾದ್ದೇ. ಅದೇ ಡಿಸ್ಕಾರ್ಡ್‌ನಲ್ಲಿ, ಒಂದೇ ಸರ್ವರ್‌ನಲ್ಲಿದ್ದಾರೆಂಬ ಕಾರಣಕ್ಕೆ ಅಪರಿಚಿತರು ಖಾಸಗಿ ಸಂದೇಶ ಕಳಿಸದಂತೆ ತಡೆಯುವ ಸೆಟ್ಟಿಂಗ್ ಇದೆ. ಅದನ್ನು ಇಬ್ಬರೂ ಕೂತು ಹಾಕಿ.

5. ಉಡುಗೊರೆಗೆ ನಿಯಮ ಮಾಡಿ. ಮುಖ ನೋಡದವರಿಂದ ಯುಸಿ ಬಂದರೆ ಮನೆಯಲ್ಲಿ ಹೇಳಬೇಕು. ಹೇಳಿದರೆ ಬೈಗುಳ ಇರುವುದಿಲ್ಲ. ಈ ಎರಡನೇ ಮಾತನ್ನು ಉಳಿಸಿಕೊಳ್ಳದಿದ್ದರೆ ಮೊದಲನೆಯದು ವ್ಯರ್ಥ.

ತಂದೆ-ತಾಯಿ ಪುಣೆಗೋ ಮುಂಬೈಗೋ ಬೆಂಗಳೂರಿಗೋ ದುಡಿಯಲು ಹೋಗಿ, ಮಕ್ಕಳು ಅಜ್ಜಿಯ ಹತ್ತಿರ ಇರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಬಹಳ. ಅಜ್ಜಿಗೆ ಸೆಟ್ಟಿಂಗ್ ಹೇಳಿಕೊಡುವುದು ಆಗದ ಮಾತು. ಅಲ್ಲಿ ಸೋದರಮಾವನೋ ಪಿಯುಸಿ ಓದುವ ಅಕ್ಕನೋ ಆ ಸ್ಕ್ವಾಡ್‌ನಲ್ಲಿ ಒಂದು ಜಾಗ ಹಿಡಿಯುವುದು ಒಳ್ಳೆಯದು. ಚೆನ್ನಾಗಿ ಆಡಬೇಕೆಂದೇನಿಲ್ಲ.

ಹುಡುಗರು ಹುಡುಗರಿಗೇ

ಈ ಭಾಗ ಓದಬೇಕಾದವರು ಪೋಷಕರಲ್ಲ. ಕಸ್ಟಮ್ ರೂಮ್ ಮಾಡಿ ಐಡಿ-ಪಾಸ್‌ವರ್ಡ್ ಹಂಚುವವರು, ಡಿಸ್ಕಾರ್ಡ್ ಸರ್ವರ್ ನಡೆಸುವವರು, ಕ್ಲಾನ್ ಲೀಡರ್‌ಗಳು. ನಿಮ್ಮಲ್ಲಿ ಬಹಳ ಜನ ಇಪ್ಪತ್ತರ ಆಸುಪಾಸಿನವರು. ಊರಿನ ಹಿರಿಯರಿಗಿಂತ ಹೆಚ್ಚಿನ ಅಧಿಕಾರ ನಿಮ್ಮ ಕೈಯಲ್ಲಿದೆ.

ರೂಮಿನ ನಿಯಮ ನಾಲ್ಕು ಸಾಲು ಸಾಕು: ಜಾತಿ, ಧರ್ಮ, ಹೆಣ್ಣುಮಕ್ಕಳ ಮೇಲೆ ಬೈಗುಳವಿಲ್ಲ. ಹಿಂಸೆಯ ನಿಜವಾದ ವಿಡಿಯೊ ಹಾಕುವಂತಿಲ್ಲ. ಹೊರಗಿನ ಗುಂಪಿನ ಲಿಂಕ್ ಹಾಕುವಂತಿಲ್ಲ. ಒಂದು ಎಚ್ಚರಿಕೆ, ಆಮೇಲೆ ಕಿಕ್. ಸರ್ವರಿಗೆ ಮಾಡರೇಟರ್ ಇಬ್ಬರಿರಲಿ, ಇಬ್ಬರೂ ಒಂದೇ ಓಣಿಯವರಾಗದಿರಲಿ. ಒಂದೇ ಸಮುದಾಯದ ಇಬ್ಬರಿದ್ದರೆ ತಮ್ಮವರ ಬೈಗುಳ ಜೋಕ್ ಆಗಿ ಕೇಳಿಸುತ್ತದೆ, ಎದುರಿನವರದು ಬೆದರಿಕೆಯಾಗಿ ಕೇಳಿಸುತ್ತದೆ.

ಹೆಣ್ಣುಮಕ್ಕಳ ಮಾತನ್ನು ಸುಮ್ಮನೆ ಸೇರಿಸಿದ್ದಲ್ಲ. ಮೈಕಿನಲ್ಲಿ ಹುಡುಗಿಯ ದನಿ ಕೇಳಿದ ಕ್ಷಣ ಏನೇನು ಶುರುವಾಗುತ್ತದೆ ಎಂದು ಆಡುವ ಹುಡುಗಿಯರನ್ನು ಕೇಳಿ. ಎಷ್ಟೋ ಜನ ಮೈಕ್ ಮುಚ್ಚಿಯೇ ಆಡುತ್ತಾರೆ. ಅದನ್ನು ನಗುತ್ತಾ ಸಹಿಸುವ ಗುಂಪು ಮುಂದಿನದನ್ನೂ ಸಹಿಸುತ್ತದೆ. ದ್ವೇಷ ಒಂದೇ ಬಾಗಿಲಿನಿಂದ ಬರುವುದಿಲ್ಲ, ಆದರೆ ಇದು ಅದಕ್ಕೆ ಸಲೀಸಾದ ಬಾಗಿಲು.

ಗೆಳೆಯ ಸ್ಕ್ವಾಡಿಗೆ ಬರುವುದು ನಿಲ್ಲಿಸಿ, ಬೇರೆ ಯಾರದೋ ಸರ್ವರ್‌ನಲ್ಲೇ ಕೂತಿರುತ್ತಾನೆ, ಮಾತಿನ ಧಾಟಿ ಬದಲಾಗಿದೆ ಎಂದುಕೊಳ್ಳೋಣ. ವಾದಕ್ಕೆ ಇಳಿಯಬೇಡಿ. ವಾದದಲ್ಲಿ ಅವನೇ ಗೆಲ್ಲುತ್ತಾನೆ, ಅವನಿಗೆ ಅದನ್ನೇ ಕಲಿಸಿಕೊಟ್ಟಿರುತ್ತಾರೆ. ಸಂಜೆ ಬಿಸಿಲು ಇಳಿದ ಮೇಲೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಚಹಾಕ್ಕೆ ಕರೆಯಿರಿ. ಅವನ ಸಿದ್ಧಾಂತ ಬದಿಗಿರಲಿ, ಅವನ ಕಷ್ಟ ಕೇಳಿ. ಪರೀಕ್ಷೆ, ಮನೆಯ ಜಗಳ, ಯಾರೋ ಮಾಡಿದ ಅವಮಾನ, ಏನೋ ಒಂದು ಇರುತ್ತದೆ.

ಕಮಲಾಪುರದಂಥ ಊರಿನಲ್ಲಿ

ಹುಮನಾಬಾದ್ ರಸ್ತೆಯ ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಸುತ್ತಿನ ಹಳ್ಳಿಗಳಿಂದ ಓದಲು ಬರುವ ಹುಡುಗರಿಗೆ ನೆರಳು, ಕುರ್ಚಿ ಎರಡೂ ಸಿಗುವ ಜಾಗ ಕಡಿಮೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವು ಕಡೆ ಕಂಪ್ಯೂಟರ್ ಬಂದಿದೆ. ರಜೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಅಲ್ಲಿ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಆಡುವ ಏರ್ಪಾಟು ಮಾಡಿ ನೋಡಿ. ಗ್ರಂಥಾಲಯದಲ್ಲಿ ಗೇಮ್ ಎಂದರೆ ಮೂಗು ಮುರಿಯುವವರು ಇರುತ್ತಾರೆ. ಆದರೆ ಎದುರಿಗೆ ಕೂತವನ ಮುಖ ನೋಡುತ್ತಾ ಅವನ ಜಾತಿ ಹಿಡಿದು ಬೈಯುವುದು ಕಷ್ಟ. ಹೆಡ್‌ಫೋನಿನಲ್ಲಿ ಆ ಕಷ್ಟ ಇಲ್ಲ.

ಏರ್ಪಾಟಿಗೆ ನಾಲ್ಕು ಸೂಚನೆ. ತಂಡಗಳನ್ನು ಚೀಟಿ ಎತ್ತಿ ಮಾಡಿ, ಓಣಿಗೊಂದು ತಂಡ ಬೇಡವೇ ಬೇಡ. ಒಂದೇ ದಿನಕ್ಕೆ ಮುಗಿಸದೆ ಅದೇ ನಾಲ್ವರನ್ನು ತಿಂಗಳಿಡೀ ಒಟ್ಟಿಗೆ ಇಡಿ. ಸ್ನೇಹಕ್ಕೆ ಸಮಯ ಬೇಕು. ಬಂದೂಕಿನ ಆಟವೇ ಆಗಬೇಕಿಲ್ಲ, ಮೈನ್‌ಕ್ರಾಫ್ಟ್‌ನಲ್ಲಿ ಕಲಬುರಗಿ ಕೋಟೆಯನ್ನು ನಾಲ್ಕು ಜನ ಸೇರಿ ಕಟ್ಟಲಿ. ಆ ನಾಲ್ವರೂ ಸೇರಿ ಅಳತೆ ತೆಗೆಯಲು ನಿಜವಾದ ಕೋಟೆಗೆ ಹೋದರೆ ಇನ್ನೂ ಒಳ್ಳೆಯದು. ಪ್ರವೇಶ ಶುಲ್ಕ, ಹಣದ ಬಹುಮಾನ ಇಡಬೇಡಿ. ಹಣ ಒಡ್ಡಿ ಆಡುವ ಆಟಗಳನ್ನು 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದೆ, ಆ ಗೊಂದಲಕ್ಕೆ ಸಿಗುವುದೇ ಬೇಡ. ಜಿಐ ಮಾನ್ಯತೆ ಪಡೆದ ಕೆಂಪು ಬಾಳೆ ಬೆಳೆಯುವ ಊರಿದು. ಗೆದ್ದ ತಂಡಕ್ಕೆ ಒಂದು ಗೊನೆ ಕೊಟ್ಟರಾಯಿತು, ನಾಲ್ವರೂ ಅಲ್ಲೇ ಕೂತು ತಿನ್ನಬೇಕೆಂಬ ಷರತ್ತಿನೊಂದಿಗೆ.

ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಈ ವಿಷಯವನ್ನು ಮಕ್ಕಳ ಬಾಯಿಂದಲೇ ಎತ್ತಿಸಬಹುದು. ಶೌಚಾಲಯ, ಬಸ್ಸಿನ ಜೊತೆಗೆ ಆನ್‌ಲೈನ್‌ನಲ್ಲಿ ತಮಗೆ ಬರುವ ಬೆದರಿಕೆಯ ಬಗ್ಗೆಯೂ ಅವರು ಮಾತಾಡಲಿ. ಭಾಷಣ ಮಾತ್ರ ಬೇಡ. ಶರಣಬಸವೇಶ್ವರರ ತೇರು, ಬಂದೇ ನವಾಜ್ ಉರುಸು, ಸೌಹಾರ್ದದ ನಾಡು ಎಂದು ಅತಿಥಿಗಳು ಶುರು ಮಾಡಿದ ತಕ್ಷಣ ಹುಡುಗರು ಮನಸ್ಸಿನಲ್ಲೇ ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ಮಾತೆಲ್ಲ ನಿಜವೇ, ಕೇಳುವವರು ಇರುವುದಿಲ್ಲ.

ಎಲ್ಲರೂ ಮಾಡುವ ತಪ್ಪುಗಳು

ಫೋನ್ ಒಡೆಯುವುದು, ಸಿಮ್ ಮುರಿಯುವುದು. ಹುಡುಗ ಗೆಳೆಯನ ಫೋನಿನಲ್ಲಿ ಅದೇ ಐಡಿಗೆ ಲಾಗಿನ್ ಆಗುತ್ತಾನೆ. ಈಗ ನಿಮಗೆ ಕಾಣದ ಕಡೆ ಆಡುತ್ತಾನೆ, ಜೊತೆಗೆ 'ಮನೆಯವರು ನಿನ್ನ ಶತ್ರು' ಎಂದವನ ಮಾತು ನಿಜವಾದಂತಾಯಿತು.

ಒಂದು ಸಮುದಾಯದ ಹುಡುಗರ ಮೇಲಷ್ಟೇ ಕಣ್ಣಿಡುವುದು. ಶಾಲೆಯಲ್ಲಿ ಇದು ನಡೆದರೆ ಅದಕ್ಕಿಂತ ದೊಡ್ಡ ಉಪಕಾರವನ್ನು ದ್ವೇಷ ಬಿತ್ತುವವರಿಗೆ ಬೇರೆ ಯಾರೂ ಮಾಡಲಾರರು. ಗಡ್ಡ, ಟೋಪಿ, ಕುಂಕುಮ, ಕೈಗೆ ಕಟ್ಟಿದ ದಾರ, ದೇವರ ಮೇಲೆ ಹೆಚ್ಚಾದ ಭಕ್ತಿ, ಸರ್ಕಾರವನ್ನು ಬೈಯುವುದು, ಇವು ಯಾವುವೂ ಲಕ್ಷಣಗಳಲ್ಲ. ಲಕ್ಷಣ ಬೇರೆ: ಹಳೆಯ ಗೆಳೆಯರನ್ನೆಲ್ಲ ಒಮ್ಮೆಲೇ ಬಿಡುವುದು, ಹಿಂಸೆಯ ವಿಡಿಯೊ ಕೂಡಿಡುವುದು, ಕೊಂದವರನ್ನು ಹೀರೊ ಎನ್ನುವುದು, 'ಅವರು ಮನುಷ್ಯರೇ ಅಲ್ಲ' ಎನ್ನುವುದು. ಇವೂ ಒಂದೊಂದೇ ಕಂಡರೆ ಬೆಚ್ಚಿ ಬೀಳಬೇಕಿಲ್ಲ, ಒಟ್ಟೊಟ್ಟಿಗೆ ಬಂದರೆ ಮಾತಾಡಲು ತಡ ಮಾಡಬಾರದು.

ಎಚ್ಚರಿಸಲೆಂದು ದ್ವೇಷದ ವಿಡಿಯೊವನ್ನೇ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಇನ್ನೊಂದು. ಹಂಚುವವರ ಕೆಲಸವನ್ನು ನೀವು ಪುಕ್ಕಟೆ ಮಾಡಿಕೊಟ್ಟಂತೆ.

ದ್ವೇಷದ ಮಾತಿಗೂ ಬೆದರಿಕೆಗೂ 1930ಕ್ಕೆ ಕರೆ ಮಾಡುವುದು. ಅದು ಮುಖ್ಯವಾಗಿ ಆನ್‌ಲೈನ್ ಹಣದ ವಂಚನೆಗೆ ಇರುವ ಸಂಖ್ಯೆ.

ಮಾತು ಬೆದರಿಕೆಯಾದಾಗ

ಕೆಟ್ಟ ಮಾತಿಗೂ ಅಪಾಯಕ್ಕೂ ಗೆರೆ ಎಳೆಯಬೇಕು. ಮ್ಯಾಚ್‌ನಲ್ಲಿ ಬೈಗುಳವಾದರೆ ಆಟದೊಳಗಿನ ರಿಪೋರ್ಟ್ ಬಟನ್ ಸಾಕು. ಪದೇ ಪದೇ ದ್ವೇಷ ಹರಡುವ ಸರ್ವರ್ ಆದರೆ ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. 2021ರ ಐಟಿ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 24 ಗಂಟೆಯೊಳಗೆ ಅವರು ತಿಳಿಸಬೇಕು. ಜಾಗ, ದಿನ, ಆಯುಧ, ವ್ಯಕ್ತಿ, ಇವುಗಳಲ್ಲಿ ಯಾವುದನ್ನಾದರೂ ಹೆಸರಿಸಿ ಯಾರಾದರೂ ಬೆದರಿಕೆ ಹಾಕಿದರೆ ಕಾಯಬೇಡಿ, 112ಕ್ಕೆ ಕರೆ ಮಾಡಿ. ಬೆದರಿಕೆ ಖಾಲಿ ಮಾತೇ ಎಂದು ತೀರ್ಮಾನಿಸುವುದು ನಿಮ್ಮ ಕೆಲಸವಲ್ಲ.

ಬ್ಲಾಕ್ ಮಾಡುವ ಮೊದಲು ಸಾಕ್ಷ್ಯ ಉಳಿಸಿ. ಆಟಗಾರನ ಹೆಸರಲ್ಲ, ಅಂಕಿಗಳ ಐಡಿ ಬೇಕು. ಹೆಸರು ಬದಲಾಗುತ್ತದೆ, ಐಡಿ ಬದಲಾಗುವುದಿಲ್ಲ. ಸರ್ವರ್ ಲಿಂಕ್, ದಿನಾಂಕ, ವೇಳೆ ಕಾಣುವ ಸ್ಕ್ರೀನ್‌ಶಾಟ್ ಇರಲಿ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅಥವಾ ಸೈಬರ್ ಪ್ರಕರಣ ನೋಡುವ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಸ್ವೀಕೃತಿ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ.

ಠಾಣೆ ಎಂದರೆ ಹೆದರುವ ಮನೆಗಳಿವೆ, ಕೆಲವು ಓಣಿಗಳಲ್ಲಿ ಆ ಹೆದರಿಕೆಗೆ ಕಾರಣವೂ ಇದೆ. ತಮ್ಮ ಮಗನೇ ಇಂಥ ಗುಂಪಿಗೆ ಸಿಕ್ಕಿಬಿದ್ದಿದ್ದಾನೆಂಬ ಅನುಮಾನದಲ್ಲಿರುವವರು ಮೊದಲು 1098 ಮಕ್ಕಳ ಸಹಾಯವಾಣಿಗೆ, ಇಲ್ಲವೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಮಾತಾಡಬಹುದು. ಹುಡುಗ ನಿದ್ದೆ ಬಿಟ್ಟು, ಮಾತು ಬಿಟ್ಟು ಕೂತಿದ್ದರೆ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಆಟ ಬಿಡಲಾಗದ ಗೀಳಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ 'ಶಟ್' ಕ್ಲಿನಿಕ್ ಇದೆ. ಯಾವ ಕಡೆಗೆ ಹೋದರೂ ಮಗನ ಸ್ಕ್ವಾಡ್‌ನ ಒಬ್ಬ ಗೆಳೆಯನಿಗೆ ವಿಷಯ ತಿಳಿದಿರಲಿ, ಆ ವಾರ ಅವನು ದಿನಾ ಬಂದು ಹೋಗಲಿ.

ಊರಿನವರಿಗೆ, ಶಾಲೆಯ ಗುಂಪಿಗೆ, ಪತ್ರಕರ್ತರಿಗೆ ಮಗುವಿನ ಹೆಸರು ಹೇಳಬೇಡಿ. ಬಾಲನ್ಯಾಯ ಕಾಯ್ದೆಯ 74ನೇ ಕಲಮು ಕಾನೂನಿನ ಕೈಗೆ ಬಂದ ಹದಿನೆಂಟರೊಳಗಿನವರ ಗುರುತು ಪ್ರಕಟಿಸುವುದನ್ನು ನಿಷೇಧಿಸುತ್ತದೆ. ಶಾಲೆಯ ಫೋಟೊ, ಮನೆಯ ವಿಳಾಸ ಹಾಕುವುದೂ ಅದರಲ್ಲಿ ಸೇರಿದೆ. ಯಾರಾದರೂ ಗುಂಪಿನಲ್ಲಿ ಹಾಕಿಬಿಟ್ಟಿದ್ದರೆ ಅಡ್ಮಿನ್‌ಗೆ ಹೇಳಿ ಅಳಿಸಿ, ಅಳಿಸುವ ಮುನ್ನ ಅದರದ್ದೂ ಒಂದು ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.